ಕುದುರೆ ಜೀನಿನಿಂದ ಬರ್ಕಿನ್‌ವರೆಗೆ: ಎರ್ಮೆಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

"ಹರ್ಮೀಸ್" ಅನ್ನಬೇಕೋ, "ಹರ್ಮೆಸ್" ಅನ್ನಬೇಕೋ?

ಎರಡೂ ಅಲ್ಲ. ದುಬಾರಿ ಚರ್ಮದ ಚೀಲಗಳಿಗೆ ಹೆಸರಾದ ಈ ಫ್ರೆಂಚ್ ಕಂಪನಿಯ ಹೆಸರು ಫ್ರೆಂಚರ ಬಾಯಲ್ಲಿ "ಎರ್ಮೆಸ್". ಮೊದಲಿನ ಎಚ್ ಬರೀ ಬರವಣಿಗೆಗೆ, ಬಾಯಿಗೆ ಬರುವುದಿಲ್ಲ. ಕೊನೆಯ ಎಸ್ ಮಾತ್ರ ಸ್ಪಷ್ಟವಾಗಿ ಕೇಳಬೇಕು. ಗ್ರೀಕ್ ದೇವತೆಯ ಹೆಸರು ಎಂದುಕೊಳ್ಳುವವರು ಬಹಳ. ಆದರೆ ಇದು ಕಂಪನಿ ಕಟ್ಟಿದವನ ಮನೆತನದ ಹೆಸರು, ಅಷ್ಟೇ.

ಶುರು ಮಾಡಿದವರು ಯಾರು?

ತಿಯೆರಿ ಎರ್ಮೆಸ್. ಹುಟ್ಟಿದ್ದು 1801ರಲ್ಲಿ, ಈಗ ಜರ್ಮನಿಯಲ್ಲಿರುವ ಕ್ರೆಫೆಲ್ಡ್ ಊರಿನಲ್ಲಿ. ಆಗ ಆ ಊರು ಫ್ರಾನ್ಸ್ ಆಳ್ವಿಕೆಯಲ್ಲಿತ್ತು. 1837ರಲ್ಲಿ ಪ್ಯಾರಿಸ್ಸಿನಲ್ಲಿ ಆತ ತೆರೆದದ್ದು ಬ್ಯಾಗಿನ ಅಂಗಡಿಯಲ್ಲ, ಕುದುರೆ ಸಜ್ಜಿನ ಕಾರ್ಖಾನೆ: ಸಾರೋಟಿಗೆ ಕುದುರೆ ಕಟ್ಟುವ ಪಟ್ಟಿಗಳು, ಕಡಿವಾಣ, ಲಗಾಮು. ನಮ್ಮ ಮೊದಲ ಗಿರಾಕಿ ಕುದುರೆ ಎಂದು ಆ ಮನೆಯವರು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಜಾಹೀರಾತಿನ ಮಾತಾದರೂ ಸುಳ್ಳಲ್ಲ. 1867ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ತಿಯೆರಿಗೆ ಪದಕ ಬಂದದ್ದೂ ಕುದುರೆ ಸಜ್ಜಿಗೇ.

ಈ ಹಿನ್ನೆಲೆಯನ್ನು ಸುಮ್ಮನೆ ಹೇಳುತ್ತಿಲ್ಲ. ಕೈಚೀಲದ ಹೊಲಿಗೆ ಬಿಟ್ಟರೆ ಸಾಮಾನು ಚೆಲ್ಲುತ್ತದೆ. ಓಡುವ ಸಾರೋಟಿನ ಪಟ್ಟಿಯ ಹೊಲಿಗೆ ಬಿಟ್ಟರೆ ಜೀವ ಹೋಗುತ್ತದೆ. ಈ ಕಂಪನಿಯ ಹೊಲಿಗೆ ಯಾಕೆ ಹಾಗಿದೆ ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ.

ಪ್ಯಾರಿಸ್ಸಿನ ಆ ಪ್ರಸಿದ್ಧ ಅಂಗಡಿ ಯಾವಾಗ ಬಂತು?

ತಿಯೆರಿಯ ಮಗ ಶಾರ್ಲ್ ಎಮಿಲ್ 1880ರಲ್ಲಿ ಅಂಗಡಿಯನ್ನು ಫೋಬೂರ್ ಸೇಂತ್ ಒನೊರೇ ಬೀದಿಯ 24ನೇ ನಂಬರಿಗೆ ತಂದ. ಸಾರೋಟು ಇಟ್ಟುಕೊಳ್ಳುವಷ್ಟು ಸ್ಥಿತಿವಂತರು ಓಡಾಡುವ ಜಾಗ. ಜೀನು ಮಾಡುವ ಕೆಲಸವೂ ಸೇರಿಕೊಂಡಿತು. ಇಂದಿಗೂ ಅದೇ ವಿಳಾಸ. ಕಂಪನಿಯೊಳಗೆ ಅದನ್ನು "ಫೋಬೂರ್" ಎಂದಷ್ಟೇ ಕರೆಯುತ್ತಾರೆ.

ಕುದುರೆಯಿಂದ ಕೈಚೀಲಕ್ಕೆ ಹೇಗೆ ಹೊರಳಿದರು?

ಒಂದೇ ದಿನದಲ್ಲಿ ಅಲ್ಲ. 1900ರ ಸುಮಾರಿಗೆ "ಓತ್ ಅ ಕುರ್ವಾ" ಎಂಬ ಎತ್ತರದ ಚೀಲ ಮಾಡಿದರು. ಸವಾರ ತನ್ನ ಜೀನನ್ನೂ ಬೂಟುಗಳನ್ನೂ ಅದರಲ್ಲಿ ಹಾಕಿಕೊಂಡು ಹೋಗಬಹುದಿತ್ತು. ಈಗ ಕಂಪನಿಯ ಅತಿ ಪ್ರಸಿದ್ಧ ಚೀಲವಾದ ಬರ್ಕಿನ್ ಅನ್ನು ಪಕ್ಕದಲ್ಲಿಟ್ಟು ನೋಡಿ: ಅದೇ ಮುಚ್ಚಳ, ಅದೇ ಪಟ್ಟಿ, ಅದೇ ತಿರುಗುವ ಗುಂಡಿ. ತಾತನ ಮುಖ ಮೊಮ್ಮಗನಲ್ಲಿ ಕಂಡ ಹಾಗೆ.

ನಿಜವಾದ ತಿರುವು ಮೂರನೇ ತಲೆಮಾರಿನ ಎಮಿಲ್ ಮೊರೀಸ್ ಕಾಲದಲ್ಲಿ. ಮೊದಲ ಮಹಾಯುದ್ಧದ ವೇಳೆ ಫ್ರೆಂಚ್ ಸೇನೆಗೆ ಚರ್ಮ ಕೊಳ್ಳುವ ಕೆಲಸದ ಮೇಲೆ ಆತ ಉತ್ತರ ಅಮೆರಿಕಕ್ಕೆ ಹೋದ. ಅಲ್ಲಿ ಎರಡು ಸಂಗತಿ ಕಣ್ಣಿಗೆ ಬಿದ್ದವು. ಒಂದು, ರಸ್ತೆ ತುಂಬ ಕಾರು, ಅಂದರೆ ಕುದುರೆ ಸಜ್ಜಿಗೆ ಇನ್ನು ಉಳಿಗಾಲವಿಲ್ಲ. ಇನ್ನೊಂದು, ಕಾರಿನ ಬಟ್ಟೆಯ ಮಾಡನ್ನು ಸರ್ರನೆ ಎಳೆದು ಮುಚ್ಚುವ ಜಿಪ್. ಆ ಜಿಪ್ಪನ್ನು ಫ್ರಾನ್ಸಿನಲ್ಲಿ ಬಳಸುವ ಹಕ್ಕು ಪಡೆದು ವಾಪಸಾದ. ಕೆಲಕಾಲ ಫ್ರಾನ್ಸಿನಲ್ಲಿ ಜಿಪ್ಪನ್ನು "ಎರ್ಮೆಸ್ ಮುಚ್ಚಿಗೆ" ಎಂದೇ ಕರೆಯುತ್ತಿದ್ದರಂತೆ. ಬ್ರಿಟನ್ನಿನ ಯುವರಾಜ ಪ್ರಿನ್ಸ್ ಆಫ್ ವೇಲ್ಸ್ ತೊಟ್ಟ ಜಿಪ್ಪಿನ ಚರ್ಮದ ಜಾಕೆಟ್ ಬಂತು, 1920ರ ದಶಕದಲ್ಲಿ ಜಿಪ್ ಇರುವ ಬೋಲೀಡ್ ಚೀಲ ಬಂತು. ಗಿರಾಕಿ ಕಾರು ಹತ್ತಿದ, ಕಸುಬುದಾರ ಅವನ ಹಿಂದೆಯೇ ಹತ್ತಿದ.

"ಸ್ಯಾಡಲ್ ಸ್ಟಿಚ್" ಅಂದರೇನು? ಅಷ್ಟೊಂದು ಹೊಗಳುವಂಥದ್ದು ಏನಿದೆ?

ಇದೊಂದನ್ನು ಸರಿಯಾಗಿ ತಿಳಿದುಕೊಂಡರೆ ಉಳಿದ ಪ್ರಶ್ನೆಗಳಲ್ಲಿ ಅರ್ಧ ತಾವಾಗಿ ಬಗೆಹರಿಯುತ್ತವೆ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಹೊಲಿಗೆ ಮೆಷಿನ್ನಿನಲ್ಲಿ ಎರಡು ದಾರ ಇರುತ್ತವೆ, ಒಂದು ಮೇಲಿನದು, ಒಂದು ಬಾಬಿನ್ನಿನದು. ಚರ್ಮದ ನಡುವೆ ಅವು ಒಂದಕ್ಕೊಂದು ಕೊಂಡಿ ಹಾಕಿಕೊಂಡು ನಿಲ್ಲುತ್ತವೆ. ಒಂದು ದಾರ ಹರಿದರೆ ಇನ್ನೊಂದಕ್ಕೆ ಆಸರೆ ಇಲ್ಲ, ಹೊಲಿಗೆ ಕ್ರಮೇಣ ಬಿಚ್ಚಿಕೊಳ್ಳತೊಡಗುತ್ತದೆ.

ಸ್ಯಾಡಲ್ ಸ್ಟಿಚ್, ಅಂದರೆ ಜೀನಿನ ಹೊಲಿಗೆಯಲ್ಲಿ ದಾರ ಒಂದೇ, ಸೂಜಿ ಎರಡು, ಎರಡು ತುದಿಗೂ ಒಂದೊಂದು. ಕುಶಲಕರ್ಮಿ ಸ್ಟೂಲಿನ ಮೇಲೆ ಕೂತು ಉದ್ದನೆಯ ಮರದ ಇಕ್ಕಳವನ್ನು ಎರಡು ತೊಡೆಗಳ ನಡುವೆ ಒತ್ತಿ ಹಿಡಿಯುತ್ತಾನೆ. ಚರ್ಮದ ತುಂಡುಗಳು ಆ ಇಕ್ಕಳದ ಬಾಯಿಯಲ್ಲಿ. ಹಾಗಾಗಿ ಎರಡೂ ಕೈ ಖಾಲಿ. ನಾರಗಸೆಯ (ಲಿನನ್) ದಾರಕ್ಕೆ ಜೇನುಮೇಣ ಸವರಿರುತ್ತಾರೆ. ಹಲ್ಲಿರುವ ಉಪಕರಣದಿಂದ ಮೊದಲೇ ಗುರುತು ಒತ್ತಿದ ಜಾಗದಲ್ಲಿ ಚೂಪು ಮೊನೆಯಿಂದ ಓರೆಯಾಗಿ ತೂತು ಕೊರೆದು, ಎಡಗೈಯ ಸೂಜಿಯನ್ನು ಅತ್ತಲಿಂದಿತ್ತ, ಬಲಗೈಯ ಸೂಜಿಯನ್ನು ಇತ್ತಲಿಂದತ್ತ ಅದೇ ತೂತಿನಲ್ಲಿ ದಾಟಿಸುತ್ತಾರೆ. ಆಮೇಲೆ ಎರಡೂ ತೋಳು ಚಾಚಿ ಒಂದೇ ಜಗ್ಗು. ಪ್ರತಿ ಹೊಲಿಗೆಗೂ ತೋಳು ರೆಕ್ಕೆ ಬಿಚ್ಚಿದ ಹಾಗೆ ತೆರೆದುಕೊಳ್ಳುತ್ತದೆ. ಜಗ್ಗು ಹೆಚ್ಚಾದರೆ ಚರ್ಮ ಸುಕ್ಕುಗಟ್ಟುತ್ತದೆ, ಕಡಿಮೆಯಾದರೆ ದಾರ ಸಡಿಲ. ಎಲ್ಲ ಹೊಲಿಗೆಗೂ ಒಂದೇ ಹದ ಬೇಕು.

ದಾರ ಪ್ರತಿ ತೂತಿನಲ್ಲೂ ಎರಡು ಸಲ ಹಾದುಹೋಗಿರುವುದರಿಂದ ಒಂದು ಕಡೆ ತುಂಡಾದರೂ ಅಕ್ಕಪಕ್ಕದ ಹೊಲಿಗೆ ಬಿಗಿಯಾಗಿಯೇ ಉಳಿಯುತ್ತದೆ. ದಾರದ ಎರಡು ಎಳೆ ಒಂದೇ ತೂತಿನಲ್ಲಿ ಒಂದನ್ನೊಂದು ದಾಟುವ ಈ ಕೆಲಸವನ್ನು ಮಾಮೂಲಿ ಹೊಲಿಗೆ ಮೆಷಿನ್ ಮಾಡಲಾರದು. ಹೊಲಿಗೆಯ ಸಾಲು ನೋಡಿದರೆ ಗೆರೆ ತುಸು ಓರೆ ಇರುತ್ತದೆ. ಆ ಓರೆಯೇ ಕೈಗುರುತು.

ಚೀಲದ ಎಲ್ಲ ಹೊಲಿಗೆಯೂ ಕೈಯದ್ದೇನಲ್ಲ. ಒಳಗಿನ ಜಿಪ್ ಮುಂತಾದ ಕಡೆ ಮೆಷಿನ್ ಹೊಲಿಗೆ ಇರುತ್ತದೆ. ಇದನ್ನು ಹೇಳಿದರೆ ಕೆಲವು ಅಭಿಮಾನಿಗಳಿಗೆ ಬೇಸರ.

ಒಂದು ಬ್ಯಾಗನ್ನು ಒಬ್ಬರೇ ಮಾಡುತ್ತಾರೆ ಅನ್ನುವುದು ನಿಜವೇ?

ನಿಜ. ಚರ್ಮ ಆರಿಸಿ ಕತ್ತರಿಸುವವರು ಬೇರೆ. ಅದಾದ ಮೇಲೆ ಒಂದು ಚೀಲಕ್ಕೆ ಬೇಕಾದ ತುಂಡುಗಳೆಲ್ಲ ಒಬ್ಬರ ಮೇಜಿಗೆ ಬರುತ್ತವೆ. ಬರ್ಕಿನ್ ಅಥವಾ ಕೆಲಿ ಚೀಲಕ್ಕೆ ಹದಿನೈದು ಇಪ್ಪತ್ತು ಗಂಟೆ ಹಿಡಿಯುತ್ತದೆ. ಒಳಗಡೆ ವರ್ಷದ ಅಕ್ಷರ ಮತ್ತು ಮಾಡಿದವರ ಗುರುತು ಒತ್ತಿರುತ್ತಾರೆ. ಮುಂದೆಂದೋ ರಿಪೇರಿಗೆ ಬಂದಾಗ ಯಾರ ಕೈಯ ಕೆಲಸ ಎಂದು ಗೊತ್ತಾಗುತ್ತದೆ.

ನನಗೆ ಹೊಲಿಗೆಗಿಂತ ಇಷ್ಟವಾದ ಸಣ್ಣ ಕೆಲಸ ಒಂದಿದೆ. ಲೋಹದ ಪಟ್ಟಿಗಳನ್ನು ಚರ್ಮಕ್ಕೆ ಸ್ಕ್ರೂ ಹಾಕಿ ಕೂರಿಸುವುದಿಲ್ಲ. ಹಿಂದಿನಿಂದ ಮೊಳೆ ತೂರಿಸಿ, ಮುಂದೆ ಬಂದ ತುದಿಯನ್ನು ಕೂದಲೆಳೆಯಷ್ಟು ಉಳಿಸಿ ಕತ್ತರಿಸುತ್ತಾರೆ. ತುದಿಯಲ್ಲಿ ಕುಳಿ ಇರುವ ಉಳಿಯನ್ನು ಅದರ ಮೇಲಿಟ್ಟು, ತಿರುಗಿಸುತ್ತಾ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾ ಹೋದರೆ ಆ ತುದಿ ಮುತ್ತಿನಂತೆ ದುಂಡಗಾಗುತ್ತದೆ. ಈ ಕೆಲಸದ ಹೆಸರೇ "ಪೆರ್ಲಾಜ್", ಮುತ್ತು ಮಾಡುವುದು. ಬ್ಯಾಗ್ ಹಿಡಿದವರಲ್ಲಿ ಹೆಚ್ಚಿನವರು ಆ ಮುತ್ತನ್ನು ನೋಡಿಯೇ ಇರುವುದಿಲ್ಲ.

ಕೆಲಿ ಬ್ಯಾಗಿಗೆ ಆ ಹೆಸರು ಹೇಗೆ ಬಂತು?

1930ರ ದಶಕದಲ್ಲಿ ಎಮಿಲ್ ಮೊರೀಸ್‌ನ ಅಳಿಯ ರೊಬೇರ್ ದ್ಯುಮಾ ರೂಪಿಸಿದ ಚೀಲ ಅದು. 1956ರಲ್ಲಿ ನಟಿ ಗ್ರೇಸ್ ಕೆಲಿ ಮೊನಾಕೊದ ರಾಜಕುಮಾರನನ್ನು ಮದುವೆಯಾದರು. ಬಸುರಿಯಾಗಿದ್ದಾಗ ಫೋಟೊ ತೆಗೆಯುವವರ ಕಣ್ಣಿಗೆ ಹೊಟ್ಟೆ ಕಾಣದಿರಲೆಂದು ಆ ಚೀಲವನ್ನು ಅಡ್ಡ ಹಿಡಿದರು. ಚಿತ್ರ ಜಗತ್ತೆಲ್ಲ ಸುತ್ತಿತು. ಜನ ಅಂಗಡಿಗೆ ಬಂದು "ಕೆಲಿ ಹಿಡಿದಿದ್ದರಲ್ಲ, ಅದು ಕೊಡಿ" ಎನ್ನತೊಡಗಿದರು. ಕಂಪನಿ ಅಧಿಕೃತವಾಗಿ ಹೆಸರಿಟ್ಟದ್ದು 1977ರಲ್ಲಿ, ಎರಡು ದಶಕ ಕಳೆದ ಮೇಲೆ. ಈಗಿನ ಕಾಲವಾಗಿದ್ದರೆ ಎರಡು ಗಂಟೆಯೂ ತಡೆಯುತ್ತಿರಲಿಲ್ಲ.

ಬರ್ಕಿನ್ ಕತೆ ವಿಮಾನದಲ್ಲಿ ನಡೆದದ್ದಂತೆ?

ಹೌದು. 1980ರ ದಶಕದ ಆರಂಭ. ನಟಿ, ಗಾಯಕಿ ಜೇನ್ ಬರ್ಕಿನ್ ಎಲ್ಲಿಗೆ ಹೋದರೂ ಒಂದು ಬೆತ್ತದ ಬುಟ್ಟಿ ಹಿಡಿದೇ ಹೋಗುತ್ತಿದ್ದವರು. ಪ್ಯಾರಿಸ್ಸಿನಿಂದ ಲಂಡನ್ನಿಗೆ ಹೊರಟ ವಿಮಾನದಲ್ಲಿ ಸಾಮಾನೆಲ್ಲ ಚೆಲ್ಲಾಪಿಲ್ಲಿಯಾಯಿತು. ಪಕ್ಕದಲ್ಲಿ ಕೂತಿದ್ದವರು ಎರ್ಮೆಸ್ ಮುಖ್ಯಸ್ಥ ಜಾನ್ ಲೂಯಿ ದ್ಯುಮಾ. ನನಗೆ ಬೇಕಾದ ಅಳತೆಯ ಚೀಲ ಎಲ್ಲೂ ಸಿಗುವುದಿಲ್ಲ ಎಂದು ಆಕೆ ಹೇಳಿದರು. ವಾಂತಿಗೆಂದು ಇಟ್ಟಿರುತ್ತಾರಲ್ಲ, ಆ ಕಾಗದದ ಚೀಲದ ಮೇಲೆ ಇಬ್ಬರೂ ಗೀಚಿದರು. 1984ರಲ್ಲಿ ಬರ್ಕಿನ್ ಬಂತು.

ಆಕೆಯ ಸ್ವಂತ ಚೀಲ ಹೇಗಿತ್ತು ಅನ್ನುವುದು ಇದಕ್ಕಿಂತ ಸ್ವಾರಸ್ಯ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಪೂಜಿಸುವ ವಸ್ತುವನ್ನು ಆಕೆ ಸಂತೆ ಚೀಲದ ಹಾಗೆ ಬಳಸಿದರು. ಅದರ ಮೈಮೇಲೆ ಸ್ಟಿಕರ್ ಅಂಟಿಸಿದರು, ಪಟ್ಟಿಗೆ ಉಗುರು ಕತ್ತರಿ ನೇತುಹಾಕಿದರು. ಸುಮಾರು ಹತ್ತು ವರ್ಷ ಬಳಸಿ, 1994ರಲ್ಲಿ ಏಡ್ಸ್ ಪೀಡಿತರ ನೆರವಿಗೆ ನಡೆದ ಹರಾಜಿಗೆ ಕೊಟ್ಟರು. ಸ್ಟಿಕರ್ ಕಲೆ, ಗೀರು, ಉಗುರು ಕತ್ತರಿ ಎಲ್ಲದರ ಸಮೇತ ಅದೇ ಚೀಲ 2025ರ ಜುಲೈನಲ್ಲಿ ಪ್ಯಾರಿಸ್ಸಿನ ಸದಬೀಸ್ ಹರಾಜಿನಲ್ಲಿ 86 ಲಕ್ಷ ಯೂರೋಗೆ ಹೋಯಿತು. ಅದನ್ನು ನೋಡಲು ಜೇನ್ ಇರಲಿಲ್ಲ, 2023ರಲ್ಲೇ ತೀರಿಕೊಂಡಿದ್ದರು. ಹೊಸ ಬರ್ಕಿನ್ ಮೇಲಿನ ರಕ್ಷಣೆಯ ಪ್ಲಾಸ್ಟಿಕ್ ಹಾಳೆಯನ್ನೂ ಕೀಳದೆ ಕಪಾಟಿನಲ್ಲಿಡುವವರಿಗೆ ಈ ಚೀಲದ ಫೋಟೊ ತೋರಿಸಬೇಕು.

ಬರ್ಕಿನ್ ಹಿಡಿಯಲು ಭಾರವೇ?

ಭಾರವೇ. ದೊಡ್ಡ ಅಳತೆಯದಂತೂ ಖಾಲಿ ಇದ್ದಾಗಲೂ ಕೈ ಸೋಲಿಸುತ್ತದೆ. ತನ್ನದೇ ಹೆಸರಿನ ಚೀಲ ಹೊತ್ತು ತೋಳಿನ ಸ್ನಾಯು ನೋವು ಬಂತು ಎಂದು ಜೇನ್ ಅವರೇ ಹೇಳಿಕೊಂಡಿದ್ದರು.

ಕೆಲಿಗೂ ಬರ್ಕಿನ್‌ಗೂ ವ್ಯತ್ಯಾಸ ಹೇಳಿ.

ಕೆಲಿಗೆ ಹಿಡಿ ಒಂದು, ಭುಜಕ್ಕೆ ಹಾಕುವ ಪಟ್ಟಿಯೂ ಇರುತ್ತದೆ. ಬರ್ಕಿನ್‌ಗೆ ಹಿಡಿ ಎರಡು, ಭುಜದ ಪಟ್ಟಿ ಸಾಮಾನ್ಯವಾಗಿ ಇರುವುದಿಲ್ಲ, ಬಾಯಿ ತೆರೆದೇ ಬಿಡಬಹುದು. ಹೆಸರಿನ ಮುಂದಿನ 25, 28, 30, 35 ಎಂಬ ಅಂಕಿ ಚೀಲದ ಅಗಲ, ಸೆಂಟಿಮೀಟರ್ ಲೆಕ್ಕದಲ್ಲಿ.

"ಸೆಲಿಯೇ", "ರೆತೂರ್ನೆ" ಅಂದರೆ?

ಚೀಲ ಹೊಲಿಯುವ ಎರಡು ಬಗೆ ಇವು. ಹೊಲಿದು ಹಾಗೇ ಬಿಟ್ಟದ್ದು ಸೆಲಿಯೇ. ಅಂಚು, ಹೊಲಿಗೆ ಎರಡೂ ಹೊರಗೆ ಕಾಣುತ್ತವೆ, ಚೀಲ ಗಟ್ಟಿಯಾಗಿ ನೆಟ್ಟಗೆ ನಿಲ್ಲುತ್ತದೆ. ಒಳಮೈ ಹೊರಗಿಟ್ಟು ಹೊಲಿದು, ದಿಂಬಿನ ಕವರಿನಂತೆ ತಿರುವಿ ಹಾಕಿದ್ದು ರೆತೂರ್ನೆ. ಅದರ ಅಂಚು ದುಂಡಗೆ, ಮೈ ಮೆತ್ತಗೆ. ಅಷ್ಟು ದಪ್ಪ ಚರ್ಮವನ್ನು ಗೆರೆ ಬೀಳದಂತೆ ತಿರುವುವುದು ಹುಡುಗಾಟವಲ್ಲ.

ಯಾವ ಚರ್ಮ ಒಳ್ಳೆಯದು?

ದಿನಬಳಕೆಗೆ ಟೋಗೊ. ಕರುವಿನ ಚರ್ಮ, ಮೈಮೇಲೆ ಸಣ್ಣ ಗುಳ್ಳೆಯಂಥ ರಚನೆ, ಸಣ್ಣಪುಟ್ಟ ಗೀರು ಎದ್ದು ಕಾಣುವುದಿಲ್ಲ. ಕ್ಲೆಮಾನ್ಸ್ ಇನ್ನೂ ಮೆತ್ತಗೆ, ಭಾರವೂ ಹೆಚ್ಚು, ಕ್ರಮೇಣ ಜೋತುಬೀಳುತ್ತದೆ. ಎಪ್ಸಮ್ ಒತ್ತಿ ಅಚ್ಚು ಮೂಡಿಸಿದ ಚರ್ಮ, ಹಗುರ, ಆಕಾರ ಕೆಡುವುದಿಲ್ಲ. ಬಾಕ್ಸ್ ಎಂಬುದು ಹಳೆಯ ಕಾಲದ ಹೊಳೆಯುವ ನುಣುಪು ಚರ್ಮ. ನೋಡಲು ರಾಜಗಾಂಭೀರ್ಯ, ಆದರೆ ಉಗುರು ತಾಗಿದರೂ ಗೀರು, ನೀರು ಬಿದ್ದರೆ ಗುಳ್ಳೆ. ನನ್ನ ಮತ ಬಾರೇನಿಯಾಗೆ. ಜೀನಿಗೆ ಬಳಸುವ ಜಾತಿಯ ಚರ್ಮ ಅದು. ಕೈಯ ಎಣ್ಣೆ, ಬಿಸಿಲು ಎಲ್ಲವನ್ನೂ ಕುಡಿದು ವರ್ಷದಿಂದ ವರ್ಷಕ್ಕೆ ಬಣ್ಣ ಗಾಢವಾಗುತ್ತಾ ಹೋಗುತ್ತದೆ. ಕಲೆ ಬಿದ್ದರೆ ಸಹಿಸಲಾಗದವರು ಅದರ ತಂಟೆಗೆ ಹೋಗಬಾರದು.

ಮೊಸಳೆ ಚರ್ಮದ ವಿವಾದ ಏನು?

ಮೊಸಳೆ ಸಾಕುವ ಫಾರ್ಮುಗಳಲ್ಲಿ ಕ್ರೌರ್ಯ ನಡೆಯುತ್ತಿದೆ ಎಂದು ಪ್ರಾಣಿದಯಾ ಸಂಘಟನೆ ಪೇಟಾ 2015ರಲ್ಲಿ ಆರೋಪಿಸಿತು. ಮೊಸಳೆ ಚರ್ಮದ ಚೀಲದಿಂದ ನನ್ನ ಹೆಸರು ತೆಗೆಯಿರಿ ಎಂದು ಜೇನ್ ಬರ್ಕಿನ್ ಬಹಿರಂಗವಾಗಿ ಕೇಳಿದರು. ಕಂಪನಿ ಕೈಗೊಂಡ ಕ್ರಮ ಸಮಾಧಾನ ತಂದಿದೆ ಎಂದು ಕೆಲವು ವಾರಗಳಲ್ಲಿ ಒಪ್ಪಿಕೊಂಡರು. ಮೊಸಳೆ ಚರ್ಮವನ್ನು ದೇಶದಿಂದ ದೇಶಕ್ಕೆ ಒಯ್ಯಲು ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಅಂಕೆ ಹಾಕುವ ಸೈಟಿಸ್ ಒಪ್ಪಂದದ ಪ್ರಕಾರ ಕಾಗದಪತ್ರ ಬೇಕು, ಕೊಂಡವರಿಗೂ ಇದು ಅನ್ವಯ. ಕಾನೂನು ಒಪ್ಪಿದ ಮಾತ್ರಕ್ಕೆ ಮನಸ್ಸು ಒಪ್ಪಬೇಕಿಲ್ಲ. ನಾನಂತೂ ಆ ಚೀಲಗಳನ್ನು ಕಸುಬಿನ ಉದಾಹರಣೆಯಾಗಿ ಎಂದೂ ಎತ್ತಿಕೊಳ್ಳುವುದಿಲ್ಲ.

ಅಂಗಡಿಗೆ ಹೋಗಿ ದುಡ್ಡು ಕೊಟ್ಟರೂ ಬರ್ಕಿನ್ ಕೊಡುವುದಿಲ್ಲವಂತೆ, ಯಾಕೆ?

ಜನ ಅತಿ ಹೆಚ್ಚು ಸಿಟ್ಟಿನಿಂದ ಕೇಳುವ ಪ್ರಶ್ನೆ ಇದು. ಉತ್ತರದಲ್ಲಿ ಎರಡು ಪದರ ಇದೆ.

ಮೊದಲನೆಯದು ಲೆಕ್ಕ. ಒಬ್ಬ ಮನುಷ್ಯ ಒಂದು ಚೀಲಕ್ಕೆ ಎರಡು ಮೂರು ದಿನ ಕೂರಬೇಕು. ಹೊಸಬರು ಈ ಕೆಲಸ ಕಲಿಯಲು ವರ್ಷಕ್ಕೂ ಹೆಚ್ಚು ಸಮಯ ಬೇಕು. ಕಂಪನಿ ಫ್ರಾನ್ಸಿನಲ್ಲಿ ಹೊಸ ಕಾರ್ಖಾನೆಗಳನ್ನು ತೆರೆಯುತ್ತಲೇ ಇದೆ. 2023ರಲ್ಲಿ ನಾರ್ಮಂಡಿಯ ಲೂವಿಯೇ ಊರಿನಲ್ಲಿ ಇಟ್ಟಿಗೆಯ ಕಮಾನುಗಳ ಚೆಂದದ ಕಟ್ಟಡ ಎದ್ದಿತು, ವಿನ್ಯಾಸ ವಾಸ್ತುಶಿಲ್ಪಿ ಲೀನಾ ಗೊಟ್ಮೆ ಅವರದು. 2021ರಲ್ಲಿ ಕಸುಬು ಕಲಿಸುವ ಶಾಲೆಯನ್ನೂ ತೆರೆದರು. ಆದರೂ ಒಂದು ಕಾರ್ಖಾನೆಯಲ್ಲಿ ಇನ್ನೂರೈವತ್ತು ಮುನ್ನೂರು ಜನಕ್ಕಿಂತ ಹೆಚ್ಚು ಇಡುವುದಿಲ್ಲ. ಅದಕ್ಕಿಂತ ಬೆಳೆದರೆ ಒಬ್ಬರಿಗೊಬ್ಬರ ಮುಖ ಪರಿಚಯ ಉಳಿಯುವುದಿಲ್ಲ ಎನ್ನುವುದು ಅವರ ವಾದ.

ಎರಡನೆಯದು ಜಾಣತನ. ಬೇಡಿಕೆಗಿಂತ ಒಂದು ಹಿಡಿ ಕಡಿಮೆ ಮಾಡಿದರೆ ಆಸೆ ತಾನಾಗಿ ಹೆಚ್ಚುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಬರ್ಕಿನ್, ಕೆಲಿ ಎರಡನ್ನೂ ಆನ್‌ಲೈನಿನಲ್ಲಿ ಮಾರುವುದಿಲ್ಲ. ಪ್ಯಾರಿಸ್ಸಿನಲ್ಲಿ ಚರ್ಮದ ವಿಭಾಗಕ್ಕೆ ಮುಂಚಿತವಾಗಿ ಭೇಟಿಯ ಸಮಯ ಕೋರಬೇಕು, ಸಿಕ್ಕರೆ ಅದೃಷ್ಟ. ಉಳಿದೆಡೆ ಮಾರಾಟಗಾರರ ಜೊತೆ ಒಡನಾಟ ಬೆಳೆಸಬೇಕು, ಅಂದರೆ ಸ್ಕಾರ್ಫ್, ಬೆಲ್ಟ್, ತಟ್ಟೆ ಬಟ್ಟಲು ಕೊಳ್ಳುತ್ತಾ ಇರಬೇಕು ಎನ್ನುವುದು ಗಿರಾಕಿಗಳ ದೂರು. ಈ ದೂರು 2024ರಲ್ಲಿ ಕ್ಯಾಲಿಫೋರ್ನಿಯಾದ ಕೋರ್ಟಿಗೂ ಹೋಯಿತು. ಹಾಗೆ ಷರತ್ತು ಹಾಕುವುದಿಲ್ಲ ಎಂಬುದು ಕಂಪನಿಯ ನಿಲುವು. 2025ರಲ್ಲಿ ನ್ಯಾಯಾಧೀಶರು ಮೊಕದ್ದಮೆ ವಜಾ ಮಾಡಿದರು.

ಹೊಲಿಗೆ ನಿಧಾನ ಎಂಬುದು ಅಪ್ಪಟ ಸತ್ಯ. ಆ ನಿಧಾನವನ್ನೇ ಬಂಡವಾಳ ಮಾಡಿಕೊಂಡಿದ್ದಾರೆ ಎಂಬುದೂ ಅಷ್ಟೇ ಸತ್ಯ. ಒಂದನ್ನು ಒಪ್ಪಿ ಇನ್ನೊಂದನ್ನು ಮುಚ್ಚಿಡುವುದು ನನ್ನಿಂದಾಗದು.

ಬೆಲೆ ಎಷ್ಟು? ಹೂಡಿಕೆಯಾಗಿ ಕೊಳ್ಳಬಹುದೇ?

ಮಾಮೂಲಿ ಚರ್ಮದ ಸಣ್ಣ ಬರ್ಕಿನ್ ಪ್ಯಾರಿಸ್ಸಿನ ಅಂಗಡಿಯಲ್ಲೇ 2025ರ ಸುಮಾರಿಗೆ ಒಂಬತ್ತು ಹತ್ತು ಸಾವಿರ ಯೂರೋ ಇತ್ತು. ಪ್ರತಿವರ್ಷ ಏರುತ್ತದೆ. ಮರುಮಾರಾಟದಲ್ಲಿ ಜನಪ್ರಿಯ ಬಣ್ಣ, ಸಣ್ಣ ಅಳತೆಯವು ಅಂಗಡಿ ಬೆಲೆಗಿಂತ ಹೆಚ್ಚಿಗೆ ಹೋಗುವುದುಂಟು. ಅದನ್ನು ನಂಬಿ ಚಿನ್ನಕ್ಕೆ ಹೋಲಿಸುವವರು ಮರೆಯುವುದೇನೆಂದರೆ, ಚಿನ್ನಕ್ಕೆ ಬಣ್ಣದ ಫ್ಯಾಷನ್ ಇಲ್ಲ, ಬೂಷ್ಟು ಹಿಡಿಯುವುದಿಲ್ಲ, ಮಾರಲು ಹೋದಾಗ ನಡುವಿನವರು ದೊಡ್ಡ ಪಾಲು ಮುರಿದುಕೊಳ್ಳುವುದಿಲ್ಲ. ಜೊತೆಗೆ ಒಳ್ಳೆಯ ಬೆಲೆ ಬರಬೇಕಾದರೆ ಬಳಸದೆ ಇಡಬೇಕು. ಬಳಸಬಾರದ ಚೀಲಕ್ಕೆ ಅಷ್ಟು ಗಟ್ಟಿ ಹೊಲಿಗೆ ಯಾಕೆ?

ನಕಲಿ ಕಂಡುಹಿಡಿಯುವುದು ಹೇಗೆ?

ಒಂದೇ ಗುರುತು ನೋಡಿ ತೀರ್ಮಾನಿಸಬೇಡಿ. ವರ್ಷದ ಅಕ್ಷರ, ಬೀಗ, ಕಿತ್ತಳೆ ಪೆಟ್ಟಿಗೆ, ರಸೀದಿ ಎಲ್ಲವನ್ನೂ ನಕಲು ಮಾಡುತ್ತಾರೆ. ಹೊಲಿಗೆಯ ಓರೆ, ಪೆರ್ಲಾಜ್ ಮುತ್ತಿನ ದುಂಡು, ಅಂಚಿನ ಮೇಣದ ನುಣುಪು ಇವುಗಳನ್ನು ಒಟ್ಟಿಗೆ ನೋಡಬೇಕು. ಹೊಲಿಗೆ ಅಳತೆಪಟ್ಟಿ ಇಟ್ಟ ಹಾಗೆ ಒಂದಿಷ್ಟೂ ಏರುಪೇರಿಲ್ಲದೆ ಇದ್ದರೆ ಅದೇ ಅನುಮಾನಕ್ಕೆ ಕಾರಣ. ದೊಡ್ಡ ಮೊತ್ತ ಹಾಕುವವರು ಪರಿಣತರ ಕೈಯಲ್ಲಿ ಪರೀಕ್ಷೆ ಮಾಡಿಸದೆ ಹಣ ಬಿಚ್ಚಬಾರದು.

ಪೆಟ್ಟಿಗೆ ಕಿತ್ತಳೆ ಬಣ್ಣ ಯಾಕೆ?

ಬೇರೆ ಬಣ್ಣ ಸಿಗಲಿಲ್ಲ, ಅದಕ್ಕೆ. ಎರಡನೇ ಮಹಾಯುದ್ಧದ ವೇಳೆ ಕೆನೆಬಣ್ಣದ ರಟ್ಟು ಮುಗಿದುಹೋಗಿ, ಪೂರೈಕೆದಾರನ ಬಳಿ ಉಳಿದಿದ್ದ ಕಿತ್ತಳೆ ರಟ್ಟನ್ನೇ ತಂದರು.

ಕಂಪನಿ ಈಗ ಯಾರದು? ಎಲ್‌ವಿಎಂಎಚ್ ಕೊಂಡುಕೊಂಡಿತ್ತಲ್ಲವೇ?

ಕೊಳ್ಳಲು ನೋಡಿತು, ಆಗಲಿಲ್ಲ. ಎರ್ಮೆಸ್ 1993ರಲ್ಲಿ ಪ್ಯಾರಿಸ್ ಷೇರುಪೇಟೆಗೆ ಬಂದಿತ್ತು. 2010ರ ಅಕ್ಟೋಬರ್‌ನಲ್ಲಿ ಲೂಯಿ ವಿಟಾನ್ ಮುಂತಾದ ದುಬಾರಿ ಬ್ರಾಂಡ್‌ಗಳ ಒಡೆತನವಿರುವ, ಬರ್ನಾರ್ ಆರ್ನೋ ಅವರ ಎಲ್‌ವಿಎಂಎಚ್, ನಮ್ಮ ಬಳಿ ಎರ್ಮೆಸ್‌ನ ಶೇಕಡಾ 17ರಷ್ಟು ಪಾಲಿದೆ ಎಂದು ಏಕಾಏಕಿ ಘೋಷಿಸಿತು. ಡೆರಿವೇಟಿವ್ (ಷೇರಿನ ಬೆಲೆಯ ಮೇಲೆ ಮಾಡಿಕೊಳ್ಳುವ ಒಪ್ಪಂದ) ವ್ಯವಹಾರದ ಮರೆಯಲ್ಲಿ ಸದ್ದಿಲ್ಲದೆ ಕೂಡಿಹಾಕಿದ್ದ ಷೇರುಗಳವು. ತಿಯೆರಿಯ ವಂಶಸ್ಥರು ಡಜನ್‌ಗಟ್ಟಲೆ ಇದ್ದರು. ಒಬ್ಬೊಬ್ಬರಾಗಿ ಮಾರಿಬಿಟ್ಟಿದ್ದರೆ ಕತೆ ಮುಗಿಯುತ್ತಿತ್ತು. ಅವರು ಒಟ್ಟಾಗಿ ಅರ್ಧಕ್ಕಿಂತ ಹೆಚ್ಚು ಷೇರುಗಳನ್ನು ಎಚ್51 ಎಂಬ ಕುಟುಂಬದ ಕಂಪನಿಗೆ ಹಾಕಿ ಎರಡು ದಶಕದ ಮಟ್ಟಿಗೆ ಬೀಗ ಜಡಿದರು. 2013ರಲ್ಲಿ ಫ್ರೆಂಚ್ ಷೇರುಪೇಟೆ ನಿಯಂತ್ರಕರು ಎಲ್‌ವಿಎಂಎಚ್‌ಗೆ 80 ಲಕ್ಷ ಯೂರೋ ದಂಡ ಹಾಕಿದರು. 2014ರಲ್ಲಿ ರಾಜಿಯಾಗಿ, ಅದು ತನ್ನ ಪಾಲನ್ನು ಷೇರುದಾರರಿಗೆ ಹಂಚಿ ಹಿಂದೆ ಸರಿಯಿತು. ಈಗ ಚುಕ್ಕಾಣಿ ಆರನೇ ತಲೆಮಾರಿನ ಆಕ್ಸೆಲ್ ದ್ಯುಮಾ ಕೈಯಲ್ಲಿದೆ. 2024ರ ವಹಿವಾಟು 1,520 ಕೋಟಿ ಯೂರೋ, ಅದರಲ್ಲಿ ಚರ್ಮ ಮತ್ತು ಜೀನಿನ ವಿಭಾಗದ್ದೇ ಸಿಂಹಪಾಲು.

ಉಳಿದ ತುಂಡು ಚರ್ಮ ಏನು ಮಾಡುತ್ತಾರೆ?

"ಪೆತಿ ಆಶ್" ಎಂಬ ವಿಭಾಗವಿದೆ. ಕುಟುಂಬದ ಪಾಸ್ಕಾಲ್ ಮುಸ್ಸಾರ್ 2010ರಲ್ಲಿ ಶುರು ಮಾಡಿದ್ದು. ಚರ್ಮದ ಚೂರು, ರೇಷ್ಮೆಯ ತುಣುಕು, ಒಡೆದ ಪಿಂಗಾಣಿ, ಮಿಕ್ಕ ಗುಂಡಿಗಳನ್ನು ಸೇರಿಸಿ ಏನಾದರೊಂದು ಮಾಡುತ್ತಾರೆ. ಮಾಮೂಲಿ ವಿನ್ಯಾಸದಲ್ಲಿ ಮೊದಲು ಚಿತ್ರ, ಆಮೇಲೆ ಸಾಮಗ್ರಿ. ಇಲ್ಲಿ ಕೈಗೆ ಸಿಕ್ಕಿದ್ದು ಮೊದಲು.

ಹಳೆಯ ಬ್ಯಾಗ್ ರಿಪೇರಿ ಮಾಡಿಕೊಡುತ್ತಾರೆಯೇ?

ಮಾಡುತ್ತಾರೆ. ಹಿಡಿ ಬದಲಾಯಿಸುವುದು, ಅಂಚಿಗೆ ಮತ್ತೆ ಮೇಣ, ಹೊಲಿಗೆ ಸರಿಪಡಿಸುವುದು ಎಲ್ಲ ನಡೆಯುತ್ತದೆ. ಬೇರೆಯವರ ಕೈಯಲ್ಲಿ ಬಣ್ಣ ಹಾಕಿಸಿದ್ದರೆ ಮಾತ್ರ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹಾಗಾಗಿ ಗೀರು ಬಿತ್ತೆಂದು ಅವಸರದಿಂದ ಯಾರಿಗೋ ಕೊಟ್ಟು ಬಣ್ಣ ಹೊಡೆಸಬೇಡಿ.

ಇವತ್ತಿಗೂ ಜೀನು ಮಾಡುತ್ತಾರಾ, ಅಥವಾ ಅದು ಬರೀ ಕತೆಯಾ?

ಮಾಡುತ್ತಾರೆ, ಫೋಬೂರ್ ಅಂಗಡಿಯ ಮೇಲಿನ ಮಹಡಿಯಲ್ಲೇ. ಸವಾರನ ಅಳತೆ ತೆಗೆದುಕೊಳ್ಳುತ್ತಾರೆ, ಕುದುರೆಯ ಬೆನ್ನಿನ ಅಳತೆಯನ್ನೂ ತೆಗೆದುಕೊಳ್ಳುತ್ತಾರೆ. ಕೆಳಗೆ ಬರ್ಕಿನ್ ಸಿಗಲಿಲ್ಲವೆಂದು ಜನ ಮುಖ ಸಣ್ಣ ಮಾಡಿಕೊಂಡು ಹೊರಟಿರುವಾಗ, ಮೇಲೆ ಒಬ್ಬರು ತೊಡೆ ನಡುವೆ ಇಕ್ಕಳ ಹಿಡಿದು ಜೀನು ಹೊಲಿಯುತ್ತಿರುತ್ತಾರೆ.